ಶಾಂತವೀರಪ್ಪನವರ ಲಾಗಿನ್

ಮೌನೇಶ ಆ ಬೆಳಿಗ್ಗೆ ಮಾಡಿದ್ದು ಒಂದೇ ಒಂದು ಕ್ಲಿಕ್. ಅದನ್ನೂ ಎಂಥ ಧೈರ್ಯದಿಂದ ಮಾಡಿದನೆಂದರೆ, ಒತ್ತಿದ ಮೇಲೆ ಕಾಲರ್ ಸರಿಮಾಡಿಕೊಂಡ!

ಜಯನಗರದ ಆ ವಿಮಾ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಎರಡು ವರ್ಷದಿಂದ ಬರೀ ಕಾಂಟ್ರ್ಯಾಕ್ಟು. ಮೇಜುಗಳ ಮೇಲೆ ಇದ್ದದ್ದು ಪರದೆ ಮತ್ತು ಕೀಬೋರ್ಡು ಮಾತ್ರ. ಫೈಲು, ಪ್ರಿಂಟರು, ಅಕ್ಷರದ ಸೆಟ್ಟಿಂಗು ಎಲ್ಲವೂ ಒಬ್ಬೊಬ್ಬರ ಪ್ರೊಫೈಲಾಗಿ ದೂರದ ಸರ್ವರಿನಲ್ಲಿದ್ದವು. ಯಾರು ಎಲ್ಲಿ ಕೂತು ಲಾಗಿನ್ ಆದರೂ ಅವರ ಸಂಸಾರವೆಲ್ಲ ಅಲ್ಲೇ ತೆರೆದುಕೊಳ್ಳುತ್ತಿತ್ತು. ಈ ಪ್ರೊಫೈಲುಗಳನ್ನು ಸಂಜೆಯೊಳಗೆ ಹೊಸ ಆವೃತ್ತಿಗೆ ಏರಿಸಿದರೆ ಕೆಲಸ ಕಾಯಂ ಎಂದು ಹೆಡ್ ಆಫೀಸು ಹೇಳಿತ್ತು. ಅತ್ತ ಅವನು ಮೆಚ್ಚಿದ ಅನ್ನಪೂರ್ಣಳ ಅಪ್ಪನೂ, "ನೌಕರಿ ಕಾಯಂ ಆಗಲಿ, ಆಮ್ಯಾಲ ಲಗ್ನದ ಮಾತು" ಅಂದಿದ್ದರು.

"ಹನ್ನೊಂದಕ್ಕ ಮುಗಸ್ತೀನ್ರೀ ಮೇಡಂ, ಚಿಂತಿ ಬಿಡ್ರಿ," ಎಂದು ಮ್ಯಾನೇಜರ್ ಕಮಲಾದೇವಿಯವರಿಗೆ ಮಾತು ಕೊಟ್ಟು ಕೂತ.

ಹದಿಮೂರು ಪ್ರೊಫೈಲುಗಳು ಖಾಲಿ ಖಾಲಿ. ಒಂದು ಮಾತ್ರ ಗುಡಾಣದಂತೆ ಉಬ್ಬಿತ್ತು. ಹೆಸರು ಶಾಂತವೀರಪ್ಪ. ಆ ಪುಣ್ಯಾತ್ಮ ರಿಟೈರಾಗಿ ಒಂದೂವರೆ ವರ್ಷವಾಗಿತ್ತು! ಸುಮ್ಮನೆ ಜಾಗ ತಿನ್ನುತ್ತಿದೆಯೆಂದು ಮೌನೇಶ ಅದನ್ನು ಅಳಿಸಿಬಿಟ್ಟ.

ಹದಿಮೂರು ಪರದೆಗಳೂ ಒಟ್ಟಿಗೇ ಬೆಳ್ಳಗಾದವು.

"ಅಯ್ಯಯ್ಯೋ, ನನ್ ಕ್ಲೇಮ್ ಲೆಟ್ರು!" ಎಂದು ಕಮಲಾದೇವಿ ಎದ್ದು ನಿಂತರು.

"ನಿಮ್ಮ ನಿಮ್ಮ ಹೆಸರಿಂದ ಲಾಗಿನ್ ಆಗ್ರಿ, ಎಲ್ಲಾ ಬರ್ತದ," ಎಂದ ಮೌನೇಶ. ಯಾರೂ ಅಲುಗಾಡಲಿಲ್ಲ.

ಪಕ್ಕದ ಸೀಟಿನ ಶಿವರಾಜ್ ಅವನನ್ನು ಮೂಲೆಗೆ ಎಳೆದ. "ಗುರು, ಇಲ್ಲಿ ಎಲ್ರೂ ಶಾಂತವೀರಪ್ಪನವರೇ. ನಮ್ ಪಾಸ್‌ವರ್ಡು ತಿಂಗ್ಳಿಗೊಂದ್ಸಲ ಲಾಕ್ ಆಗುತ್ತೆ. ಅವರದ್ದು ಹಳೇದು, ಏನೂ ಆಗಲ್ಲ, ಅದಕ್ಕೇ ಎಲ್ರೂ ಅದ್ರಲ್ಲೇ ಲಾಗಿನ್ ಆಗ್ತೀವಿ. ಪ್ರಿಂಟ್ರು, ಕನ್ನಡ ಟೈಪಿಂಗು ಎಲ್ಲಾ ಅದ್ರಲ್ಲೇ ಸರಿಯಾಗಿ ಬರೋದು."

"ನನಗ್ಯಾಕ ಹೇಳಲಿಲ್ಲೋ ಮಾರಾಯ?"

"ಹೆಡ್ ಆಫೀಸಿಗೆ ಗೊತ್ತಾದ್ರೆ ಎಲ್ರನ್ನೂ ಮನೆಗ್ ಕಳಿಸ್ತಾರೆ. ನೀನು ಅವ್ರ ಕಡೆಯೋನು ಅನ್ಕೊಂಡಿದ್ವಿ ಕಣೋ!"

ಬ್ಯಾಕಪ್ ಇತ್ತು, ಪುಣ್ಯಕ್ಕೆ. ಆದರೆ ಅದನ್ನು ತೆರೆಯಲು ಶಾಂತವೀರಪ್ಪನವರ ಮೊಬೈಲಿಗೆ ಬರುವ ಓಟಿಪಿ ಬೇಕು. ಮೌನೇಶ ಬೈಕಿನಲ್ಲಿ ಪದ್ಮನಾಭನಗರಕ್ಕೆ ಓಡಿದ. ಮನೆಯಲ್ಲಿ ಮೊಬೈಲಿತ್ತು, ಅವರಿರಲಿಲ್ಲ. ಯಡಿಯೂರು ಕೆರೆಯ ಬೆಂಚಿನಲ್ಲಿ ಅವರಿದ್ದರು. ಎರಡನ್ನೂ ಒಟ್ಟುಗೂಡಿಸಿ ಕಚೇರಿಗೆ ತರುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಯಾಗಿತ್ತು. ಬಂದವರು ಮೂರು ಸಲ ಹಿಂದಿನ ದಿನದ ಗ್ಯಾಸ್ ಸಿಲಿಂಡರಿನ ಓಟಿಪಿಯನ್ನೇ ಗಟ್ಟಿಯಾಗಿ ಓದಿದರು. ನಾಲ್ಕನೆಯದು ಸರಿಯಾಯಿತು.

ಇನ್ನು ಬೇರೆ ಲಾಗಿನ್ನಿನ ಸಹವಾಸವೇ ಬೇಡವೆಂದು ಮೌನೇಶನೂ ಶಾಂತವೀರಪ್ಪನವರಾಗಿಯೇ ಕೂತ. ಹಿಂದೆ ಯಾರೋ ಧಾರಾಳಿ ಆ ಹೆಸರಿಗೆ ಸಕಲ ಅಧಿಕಾರವನ್ನೂ ಕೊಟ್ಟಿದ್ದರು. ಊಟ ಬಿಟ್ಟು, ಬೆವರು ಸುರಿಸಿ, ಅಲ್ಲಿಂದಲೇ ಹದಿನಾಲ್ಕು ಪ್ರೊಫೈಲುಗಳನ್ನೂ ಏರಿಸಿದ. ಐದಕ್ಕೆ ಪ್ರಿಂಟರು ಗರಗರ ಅಂದಾಗ ಇಡೀ ಕಚೇರಿ ಚಪ್ಪಾಳೆ ತಟ್ಟಿತು. ಸೋಫಾದಲ್ಲಿ ಮೂರನೆಯ ಕಾಫಿ ಕುಡಿಯುತ್ತಿದ್ದ ಶಾಂತವೀರಪ್ಪನವರೂ ತಟ್ಟಿದರು.

ಅಷ್ಟರಲ್ಲಿ ಹೆಡ್ ಆಫೀಸಿನ ಸಾಹೇಬರ ಫೋನು. ಕಮಲಾದೇವಿ ಸ್ಪೀಕರಿಗೆ ಹಾಕಿದರು.

"ರಿಪೋರ್ಟ್ ನೋಡ್ದೆ ಮೇಡಂ, ಸಖತ್ ಕೆಲಸ! ಎಲ್ಲಾ ಶಾಂತವೀರಪ್ಪನವ್ರೇ ಮಾಡಿದ್ದಾರಲ್ಲ? ರಿಟೈರಾದ್ಮೇಲೂ ಈ ಪಾಟಿ ನಿಷ್ಠೆ! ಆ ಮೌನೇಶ್ ಹೆಸರಲ್ಲಿ ಇಡೀ ದಿನಕ್ಕೆ ಒಂದೇ ಎಂಟ್ರಿ. ಒಂದು ಪ್ರೊಫೈಲ್ ಡಿಲೀಟ್ ಮಾಡಿರೋದು."

ಮೌನೇಶ ಬಾಯಿ ತೆರೆದ. ಹದಿಮೂರು ಜೊತೆ ಕಣ್ಣುಗಳು ಅವನನ್ನೇ ಬೇಡುತ್ತಿದ್ದವು. ಕಮಲಾದೇವಿಯಂತೂ ಫೋನಿನ ಹಿಂದಿನಿಂದ ಕೈಮುಗಿದೇಬಿಟ್ಟರು. ಅವನು ಬಾಯಿ ಮುಚ್ಚಿದ.

"ವಯಸ್ಸಿನ ರೂಲ್ಸು ನಾವು ನೋಡ್ಕೋತೀವಿ, ಆ ಕಾಯಂ ಪೋಸ್ಟು ಅವರಿಗೇ," ಎಂದರು ಸಾಹೇಬರು. "ಮೌನೇಶ್ ಇನ್ನೊಂದು ವರ್ಷ ಕಾಂಟ್ರ್ಯಾಕ್ಟಲ್ಲೇ ಇರ್ಲಿ. ಅವ್ರ ಕೈಕೆಳಗೆ ಸ್ವಲ್ಪ ಕಲೀಲಿ."

ಜೇಬಿನಲ್ಲಿ ಅನ್ನಪೂರ್ಣಳ ಫೋನು ಬಡಿದುಕೊಳ್ಳುತ್ತಲೇ ಇತ್ತು. ಮೌನೇಶ ಎತ್ತಲಿಲ್ಲ.

ಶಾಂತವೀರಪ್ಪನವರು ಕಾಫಿ ಲೋಟ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತರು.

"ಬೇಜಾರ್ ಮಾಡ್ಕೋಬೇಡಪ್ಪ, ನಿಧಾನವಾಗಿ ಕಲಿಸ್ತೀನಿ," ಎಂದು ಬೆನ್ನು ತಟ್ಟಿದರು. ಆಮೇಲೆ ದನಿ ತಗ್ಗಿಸಿ, "ಮೊದಲು ಇದನ್ನ ಆನ್ ಮಾಡೋದು ಹೆಂಗೆ ತೋರ್ಸು. ನಾನಿದ್ದಾಗ ದಿನಾ ಶಿವರಾಜನೇ ಮಾಡಿಕೊಡ್ತಿದ್ದ," ಎಂದರು.