ಮೈದುನ ಹಾಕಿಸಿದ ಕಿಟಕಿ ಕದ

ನನ್ನ ಮೈದುನ ಜಗತ್ತಿನಲ್ಲಿ ಯಾವುದಕ್ಕೂ ಹೆದರುವವನಲ್ಲ, ಗಾಳಿಯೊಂದನ್ನು ಬಿಟ್ಟು! ಹಾವನ್ನು ಕೋಲಿನಿಂದ ಎತ್ತಿ ಬೇಲಿಯಾಚೆ ಒಗೆಯುತ್ತಿದ್ದ. ಕಂದಾಯ ವಸೂಲಿಗೆ ಬಂದ ನಿಜಾಮರ ಸರ್ಕಾರದ ಗಿರ್ದಾವರ ಗದರಿಸಿದರೆ ಎದುರು ನಿಂತು ಮಾತಾಡುತ್ತಿದ್ದ. ಆದರೆ ದೀಪದ ಕುಡಿ ಒಂದಿಷ್ಟು ಅಲುಗಿತೋ, ಮುಖ ಬಿಳಿಚಿಕೊಳ್ಳುತ್ತಿತ್ತು. ಗಾಳಿಗೆ ಹೆದರುವ ಗಂಡಸನ್ನು ನೀವೆಲ್ಲಾದರೂ ಕಂಡಿದ್ದೀರಾ?

ನೀವು ನಗುವ ಮೊದಲೇ ಕಾರಣ ಹೇಳಿಬಿಡುತ್ತೇನೆ. ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಚೊಚ್ಚಲ ಹೆರಿಗೆಗೆ ತವರೂರು ನವಲಿಗೆ ಹೋಗಿದ್ದಳು. ಕೂಸು ಹುಟ್ಟಿತು, ಅಳಲೇ ಇಲ್ಲ. ಕೋಣೆಗೆ ಗಾಳಿ ನುಗ್ಗಿತ್ತೆಂದು ಯಾರೋ ಅಂದರು. ಆ ಮಾತು ಇವನ ತಲೆಯಲ್ಲಿ ಕೂತುಬಿಟ್ಟಿತು. ಅವಳು ಮತ್ತೆ ಬಸುರಾದಾಗ, "ಈ ಸಲ ಹೆರಿಗಿ ಹನುಮಸಾಗರದಾಗ, ನಮ್ಮ ಮನ್ಯಾಗ ಆಗ್ಬೇಕ್ರಿ ವೈನಿ," ಎಂದು ಅತ್ತಿಗೆಯಾದ ನನಗೆ ಹೇಳಿದ. ಆದರೆ ನಮ್ಮ ಮನೆಯ ಹೆರಿಗೆ ಕೋಣೆಯ ಕಿಟಕಿಗೆ ಇದ್ದದ್ದು ಬರೀ ಸರಳು, ಕದವೇ ಇಲ್ಲ!

ಬಡಿಗೇರ ಮೌನಪ್ಪನಿಗೆ ಕರೆ ಹೋಯಿತು. ಕದ ಒಳಮಗ್ಗುಲಿಗೇ ಇರಬೇಕು, ಅಗಳಿಯೂ ಒಳಗೇ. ಮೌನಪ್ಪ ಬೇವಿನ ಹಲಗೆ ತಂದರೆ "ಇದು ಸೊಟ್ಟಾಗತೈತಿ", ಮಾವಿನದು ತಂದರೆ "ಇದನ್ನ ಹುಳಾ ತಿಂತೈತಿ". ಕೊನೆಗೆ ಮೈದುನನೇ ಗಂಗಾವತಿಯವರೆಗೆ ಬಂಡಿ ಕಟ್ಟಿಕೊಂಡು ಹೋಗಿ ತೇಗ ತಂದ. ಯುದ್ಧದ ದಿನಗಳು, ಕದ ತಿರುಗಲು ಕಬ್ಬಿಣದ ಬಿಜಾಗರಿ ಎಲ್ಲಿ ಸಿಗಬೇಕು? ಹೆಂಡತಿ ತವರಿನಿಂದ ತಂದ ಪೆಟ್ಟಿಗೆಯದನ್ನೇ ಕಿತ್ತ! "ಮುಚ್ಚಳಾ ಮ್ಯಾಲ ಇಟ್ರ ಇರ್ತೈತಿ ಬಿಡು," ಎಂದು ಅವಳಿಗೇ ಸಮಾಧಾನ ಹೇಳಿದ.

ಕದ ಕೂರಿಸಿದ ಮೇಲೆ ಪರೀಕ್ಷೆ. ಒಳಗೆ ನಾನು ದೀಪ ಹಿಡಿದು ನಿಲ್ಲಬೇಕು, ಹೊರಗೆ ಅವನು ಮೊರದಿಂದ ಗಾಳಿ ಬೀಸಬೇಕು.

"ವೈನೀ, ಕುಡಿ ಅಳ್ಳಾಡಿತೇನ್ರಿ?"

"ಒಂಚೂರು ಅಳ್ಳಾಡಿತಪಾ. ನಾ ಉಸುರು ಬಿಟ್ಟೆ, ಅದಕ್ಕ."

"ಹಂಗಾರ ಉಸುರು ಬಿಡಬ್ಯಾಡ್ರಿ!"

"ಸಾವ್ಕಾರ್ರ, ಇನ್ನ ಒಳಗ ಇರುವಿನೂ ಹೋಗಂಗಿಲ್ರಿ," ಎಂದು ಮೌನಪ್ಪ ಆಣೆ ಮಾಡಿದರೂ ಮೈದುನ ಕೇಳಲಿಲ್ಲ. ಸಂದುಗಳಿಗೆ ಹಳೆಯ ಕೌದಿಯ ಚೂರುಗಳನ್ನು ಹುಣಸೆಬೀಜದ ಅಂಟಿನಿಂದ ಮೆತ್ತಿದ. ಬಾಗಿಲಿಗೂ ಅದೇ ಉಪಚಾರ ಆಯಿತು.

ಒಂದು ಮಧ್ಯಾಹ್ನ ಅವಳಿಗೆ ನೋವು ಬಂತು. ಗಂಡಸರು ಒಳಗೆ ಬರುವಂತಿಲ್ಲ, ಅವನು ಹೊರಗೇ ಉಳಿದ. ನಾವು ಒಳಗೆ ಬೆವರಿನಲ್ಲಿ ಮುಳುಗಿದೆವು. "ಇದೇನ್ ಕೋಣಿನೋ, ಜ್ವಾಳಾ ತುಂಬೋ ಹಗೇವೋ?" ಎಂದು ಸೂಲಗಿತ್ತಿ ಬೈದಳು. ಕೂಸು ಹೊರಬಂತು. ಸುಮ್ಮನಿತ್ತು. ಸೂಲಗಿತ್ತಿ ಬೆನ್ನಿಗೆ ತಟ್ಟಿದಳು, ಮತ್ತೊಮ್ಮೆ ತಟ್ಟಿದಳು. ಆಗ ಅತ್ತಿತು ನೋಡಿ, ಮಾಳಿಗೆ ಹಾರಿಹೋಗುವ ಹಾಗೆ!

ಆದರೆ ಹೊರಗಿನಿಂದ ಒಂದು ಮಾತೂ ಇಲ್ಲ. ಇವನೆಲ್ಲಿ ಹೋದ? ಆಮೇಲೆ ನನಗೆ ಹೊಳೆಯಿತು. ಅಷ್ಟು ಬಿಗಿಯಾಗಿ ಹಾಕಿಸಿದ್ದನಲ್ಲ, ಕೂಸಿನ ದನಿ ಅವನಿಗೆ ಕೇಳಿಸಿಯೇ ಇರಲಿಲ್ಲ! ನಾನು ಕಿಟಕಿಯ ಅಗಳಿಗೆ ಕೈಹಾಕಿದೆ.

"ಅಕ್ಕಾ, ಗಾಳಿ ಬರ್ತೈತ್ರಿ, ಅವರು ಬೈತಾರ," ಎಂದಳು ಬಾಣಂತಿ.

ಕದ ಎಳೆದೆ. ಸರಳಿಗೆ ಕಿವಿ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದ ಪುಣ್ಯಾತ್ಮ. ಎಷ್ಟು ಹೊತ್ತಿನಿಂದ ಆ ಮೌನವನ್ನು ಕೇಳುತ್ತ ನಿಂತಿದ್ದನೋ!

"ವೈನೀ... ಅದು ಅಳಾಕ ಹತ್ತೈತೇನ್ರಿ?"

"ಊರಿಗೆಲ್ಲಾ ಕೇಳಂಗ ಅಳಾಕ ಹತ್ತೈತಪಾ."

ಬೇವಿನ ಮರ ಅಲುಗಿ ಗಾಳಿ ಒಳಗೆ ಬಂತು. ಅವನ ಸಿಟ್ಟು ನೆನೆದು ನಾನೇ ಕದ ಮುಚ್ಚಹೋದೆ. ಅವನು ಸರಳುಗಳ ನಡುವೆ ಕೈತೂರಿಸಿ ಕದವನ್ನು ಹಿಡಿದುಕೊಂಡ.

"ಮುಚ್ಚಬ್ಯಾಡ್ರಿ ವೈನಿ. ಇನ್ನೊಂಚೂರು ಅಳ್ಲಿ."