ಸಂಗನಕೊಪ್ಪದ ದೀರ್ಘಯುದ್ಧ

ಕೇಳಿರಿ, ಕಿವಿಯುಳ್ಳವರೇ! ಎರಡು ದೇಶಗಳ ಮಂತ್ರಿಗಳು ಮೈಕಿನ ಮುಂದೆ ನಿಂತು, ಒಬ್ಬರು ಖಂಡಿಸಿದರೆ ಇನ್ನೊಬ್ಬರು ತೀವ್ರವಾಗಿ ಖಂಡಿಸಿ, ಇವರು ತೀವ್ರವಾಗಿ ಖಂಡಿಸಿದರೆ ಅವರು ಅತ್ಯುಗ್ರವಾಗಿ ಖಂಡಿಸಿ, ಇಷ್ಟೆಲ್ಲ ಖಂಡಿಸಿಯೂ ಒಂದು ಸೌತೆಕಾಯಿಯನ್ನೂ ತುಂಡರಿಸದಿದ್ದ ಆ ವಾಗ್ವೀರಯುಗದಲ್ಲಿ, ಸಂಗನಕೊಪ್ಪದ ವಾಚನಾಲಯದ ಕೈಯುಳ್ಳ ಏಕೈಕ ಕುರ್ಚಿಯ ಮೇಲೆ, ಹ್ರಸ್ವದೀರ್ಘಮರ್ಮಭೇದಕನೂ ಅರಿಸಮಾಸಾರಣ್ಯದಾವಾನಲನೂ ಸಹಸ್ರಶಿಷ್ಯಕರ್ಣಮರ್ದನಪ್ರಚಂಡನೂ ಆದ ನಿವೃತ್ತ ಕನ್ನಡ ಪಂಡಿತ ಚನ್ನವೀರಪ್ಪ ಮಾಸ್ತರನು ವಿರಾಜಿಸುತ್ತಿದ್ದನು.

ಮಂತ್ರಿಯ ಮಾತಿನಲ್ಲಿ ಯುದ್ಧವಿದೆಯೋ ಇಲ್ಲವೋ ಎಂಬುದನ್ನು ಕ್ರಿಯಾಪದ ನೋಡಿಯೇ ಹೇಳಬಲ್ಲೆನೆಂಬುದು ಈ ಮಹಾನುಭಾವನ ಹೆಮ್ಮೆ. ಈವರೆಗೆ ಹನ್ನೊಂದು ಯುದ್ಧಗಳನ್ನು ಸಾರಿದ್ದನು, ಒಂದೂ ನಡೆದಿರಲಿಲ್ಲ. ಅದು ಮಂತ್ರಿಗಳ ವ್ಯಾಕರಣದೋಷವೆಂದು ನಾಚಿಕೆಯಿಲ್ಲದೆ ಹೇಳಿಕೊಂಡು ತಿರುಗುತ್ತಿದ್ದನು.

ಆ ಶನಿವಾರ ಬೆಳಿಗ್ಗೆ ಕೌದಿ ಹೊಲಿಯುವ ನೀಲವ್ವ ಮೊಬೈಲು ಹಿಡಿದುಕೊಂಡು ಬಂದಳು. ಅವಳಿಗೆ ಓದು ಬಾರದು. ಒಬ್ಬನೇ ಮಗ ಬಸವಂತ ಗಡಿಯಲ್ಲಿ ಸಿಪಾಯಿ.

"ಮಾಸ್ತರ, ನಾಕ ದಿನಾ ಆತು, ಅಂವಗ ಫೋನ ಹತ್ತವಲ್ತು. ಸೋಮವಾರಕ್ಕ ರಜಾ ಐತಿ, ಜಗಳ ಹತ್ತಿದ್ರ ಕ್ಯಾನ್ಸಲ್ ಅಂದಿದ್ದ. ಇದರಾಗ ಏನೋ ಬರದು ಕಳಿಸ್ಯಾನ, ಓದ್ರಿ. ಉಂಡಿ ಕಟ್ಟಲೋ ಬ್ಯಾಡೋ?"

"ತಡಿಯವ್ವ! ಮೊದಲು ರಾಷ್ಟ್ರದ ಕ್ರಿಯಾಪದ, ಆಮೇಲೆ ನಿನ್ನ ಉಂಡಿ," ಎಂದು ಮಾಸ್ತರನು ಮೊಬೈಲನ್ನು ಪಕ್ಕಕ್ಕೆ ಸರಿಸಿ, ಪತ್ರಿಕೆಯನ್ನು ಬಿಡಿಸಿ, ಮುಖಪುಟದಲ್ಲಿದ್ದ ಮಂತ್ರಿಯ ಹೇಳಿಕೆಯ ಮೇಲೆ ಬೆರಳಿಟ್ಟು ಘಂಟಾಘೋಷವಾಗಿ ಓದಿದನು: "ಶತ್ರುವಿಗೆ ತಕ್ಕ ಉತ್ತರ ಕೊಟ್ಟೆವು!"

ಎದುರಿನ ಬೆಂಚಿನಿಂದ ದಾವಲಸಾಬ ಎದ್ದನು. ಹಿಮಾಲಯದಲ್ಲಿ ಸೈನ್ಯದ ಹೇಸರಗತ್ತೆಗಳನ್ನು ನೋಡಿಕೊಂಡು ನಿವೃತ್ತನಾದ ಹವಾಲ್ದಾರ. ಮಾಸ್ತರನ ಹನ್ನೊಂದು ಯುದ್ಧಗಳಿಗೂ ಹನ್ನೊಂದು ಸಲ ನಕ್ಕವನು.

"ಇಪ್ಪತ್ತು ವರ್ಷ ಮಿಲಿಟ್ರಿ ಹೇಸರಗತ್ತಿ ಮೇಯಿಸೇನ್ರಿ. ಖರೇ ಜಗಳ ಬರೂ ಮುಂದ ಹೇಸರಗತ್ತಿ ಕಾಲಿಗೆ ಹೊಸಾ ಲಾಳ ಬಡೀತಾರ. ಮಂತ್ರಿ ಬಾಯಿಗೆ ಯಾರೂ ಲಾಳ ಬಡ್ಯಾಂಗಿಲ್ಲ. ಅದು ಬರೇ ಮಾತು!"

ಮಾಸ್ತರನ ಮೂಗು ಕೆಂಪೇರಿತು. "ಎಲವೋ ಗಾರ್ದಭಪಾಲಾ! ಮೂವತ್ತನಾಲ್ಕು ವರ್ಷ ಈ ಕೆಂಪು ಪೆನ್ನಿಂದ ನಾನು ತರಿದ ತಪ್ಪುಗಳ ರಾಶಿ ಹಾಕಿದರೆ ನಿನ್ನ ಹಿಮಾಲಯ ಮುಚ್ಚಿಹೋದೀತು! ‘ಕೊಟ್ಟೇವು’ ಎಂದಿದ್ದರೆ ಅದು ಸಂಭಾವನೆ. ಕೊಟ್ಟರೂ ಕೊಟ್ಟಾರು, ಬಿಟ್ಟರೂ ಬಿಟ್ಟಾರು. ಇಲ್ಲಿರುವುದು ‘ಕೊಟ್ಟೆವು’. ದೀರ್ಘವಿಲ್ಲ. ಭೂತಕಾಲ! ಯುದ್ಧ ಆಗುವುದಲ್ಲ, ಆಗಿಹೋಗಿದೆ!"

ನೀಲವ್ವ ನೆಲಕ್ಕೆ ಕುಸಿದಳು. ಆ ಇಬ್ಬರು ಮಹಾರಥರಿಗೆ ಅದು ಕಾಣಲಿಲ್ಲ. ಒಬ್ಬನು ಪತ್ರಿಕೆಯ ಪೂರ್ವದಿಕ್ಕನ್ನೂ ಇನ್ನೊಬ್ಬನು ಪಶ್ಚಿಮದಿಕ್ಕನ್ನೂ ಹಿಡಿದು ಜಗ್ಗುತ್ತಿರಲು, ಕನ್ನಡಕ ಹಾರಿತು, ಬೆಂಚು ಮಗುಚಿತು, ಕ್ರೀಡಾಪುಟವು ವೀರಮರಣವನ್ನಪ್ಪಿತು. ಥೂ, ಇಂಥವರ ಪೌರುಷಕ್ಕಿಷ್ಟು! ಒಬ್ಬ ತಾಯಿಯ ಜೀವ ಬಾಯಿಗೆ ಬಂದಿರುವಾಗ ಇವರಿಗೆ ಬೇಕಾದದ್ದು ಗೆಲುವು.

ಮುಖಪುಟ ಹಾರಿಬಂದು ನೀಲವ್ವನ ಮಡಿಲಲ್ಲಿ ಬಿದ್ದಿತು. ಅಕ್ಷರ ಬಾರದಿದ್ದರೂ ಅವಳದು ನೂಲಿನೆಳೆ ಎಣಿಸುವ ಕಣ್ಣು. ಮಾಸ್ತರನು ಬೆರಳಿಟ್ಟಿದ್ದ ಸಾಲನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದಳು.

"ಮಾಸ್ತರ, ಈ ನೀಲಿ ಶಿಕ್ಕಾದ ಬುಡಕ ಒಂದು ಕೊಕ್ಕಿ ಐತಲ್ರಿ?"

ಇತ್ತು. ವಾಚನಾಲಯದ ಜವಾನನು ಮಸಿ ಮೆತ್ತಿ ಗುದ್ದಿದ ದುಂಡು ಮುದ್ರೆಯ ಕೆಳಗೆ ದೀರ್ಘವು ಮುಗುಮ್ಮಾಗಿ ಕೂತಿತ್ತು. ‘ಕೊಟ್ಟೇವು.’ ಮಾಸ್ತರನ ಹನ್ನೆರಡನೆಯ ಮಹಾಯುದ್ಧವು ಒಂದು ರಬ್ಬರಿನ ಮುದ್ರೆಯಷ್ಟಾಯಿತು. ದಾವಲಸಾಬ ಬಾಯಿಗೆ ಟವೆಲ್ಲು ಅಡ್ಡ ಹಿಡಿದನು.

"ಹಂಗಾರ ಈಗರ ಇದನ್ನ ಓದ್ರಿ," ಎಂದು ನೀಲವ್ವ ಮತ್ತೆ ಮೊಬೈಲು ಚಾಚಿದಳು.

ಮಾಸ್ತರನು ಕನ್ನಡಕ ಹುಡುಕಿ ಓದಿದನು: "ಅವ್ವಾ, ಸೋಮವಾರ ಬಂದೆನು."

ಮತ್ತೆ ದೀರ್ಘವಿಲ್ಲ, ಇಲ್ಲಿ ದೂರಲು ಮುದ್ರೆಯೂ ಇಲ್ಲ. ಇನ್ನೂ ಬಾರದ ಸೋಮವಾರಕ್ಕೆ ಭೂತಕಾಲ ಹೊಂದದು. ಹುಡುಗ ಬರೆಯಹೊರಟದ್ದು ‘ಬಂದೇನು’. ಬಂದರೂ ಬಂದಾನು, ಬಾರದೆಯೂ ಇದ್ದಾನು.

"ಅಂವ ನಿಮ್ಮ ಕೈಯಾಗ ಕಲಿತಾಂವ್ರಿ," ಎಂದಳು ನೀಲವ್ವ. "ಇಂಥಾ ಕೊಕ್ಕಿ ಬಿಡತಾನಂತ ಒಂಬತ್ತನೇ ಕ್ಲಾಸಿನ್ಯಾಗ ನಪಾಸ ಮಾಡಿದ್ರಿ. ಹೆಂಗೋ ಹತ್ತು ಮುಗಿಸಿ, ಓದೂದ ಸಾಕಂತ ಮಿಲಿಟ್ರಿಗೆ ಹ್ವಾದ. ಇದರಾಗೂ ಬಿಟ್ಟಾನೇನ್ರಿ?"

ದಾವಲಸಾಬನ ನಗು ನಿಂತಿತು. ಮಾಸ್ತರನಿಗೆ ಆ ಉತ್ತರಪತ್ರಿಕೆ ನೆನಪಾಯಿತು. ದೀರ್ಘಕ್ಕೆ ಅರ್ಧ ಅಂಕದಂತೆ ಕಡಿಯುತ್ತ ಹೋದದ್ದೂ, ಪಾಸಾಗಲು ಕಡೆಗೆ ಬರೀ ಅರ್ಧ ಅಂಕ ಕಡಿಮೆ ಬಿದ್ದದ್ದೂ ನೆನಪಾಯಿತು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಬಲಗೈ ಅಭ್ಯಾಸಬಲದಿಂದ ಕೆಂಪು ಪೆನ್ನಿದ್ದ ಜೇಬಿನವರೆಗೆ ಹೋಗಿ, ಕೆಳಗಿಳಿಯಿತು.

"ಇಲ್ಲವ್ವ. ಸರಿಯಾಗೇ ಬರದಾನ. ಹೋಗಿ ಉಂಡಿ ಕಟ್ಟು."

ಇಂತು ಹ್ರಸ್ವದೀರ್ಘಮರ್ಮಭೇದಕನಾದ ಚನ್ನವೀರಪ್ಪ ಮಾಸ್ತರನು, ಮೂವತ್ತನಾಲ್ಕು ವರ್ಷ ಯಾವ ಮಗುವಿಗೂ ಬಿಟ್ಟುಕೊಡದಿದ್ದ ಅರ್ಧ ಅಂಕವನ್ನು ಅಂದು ಕೊಟ್ಟನು. ಕೊಟ್ಟಾನು ಅಲ್ಲ, ಕೊಟ್ಟನು.