ಗಾಳಿ ಬಿಡದ ಎಮ್ಮೆ

ಜಾನುವಾರುಗಳು ತೇಗಿದಾಗ ಹೊರಬರುವ ಮಿಥೇನ್ ಅನಿಲದಿಂದ ಭೂಮಿ ಬಿಸಿಯಾಗುತ್ತಿರುವುದು ಮೇಲಿನವರ ಗಮನಕ್ಕೆ ಬಂದುದರಿಂದ, ಶಿರಸಿಯಲ್ಲಿ ಜಾನುವಾರು ವಾಯು ಮುನ್ಸೂಚನಾ ಕೋಶವನ್ನು ತೆರೆಯಲಾಯಿತು. ಸಗಣಿಯಲ್ಲಿರುವ ಹೊಟ್ಟೆಯ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿ, ಯಾವ ದನ ಮುಂದೆ ಎಷ್ಟು ಅನಿಲ ಬಿಡಲಿದೆಯೆಂದು ಮೊದಲೇ ತಿಳಿಸುವುದು ಕೋಶದ ಕರ್ತವ್ಯ. ಅತಿ ಕಡಿಮೆ ಬಿಡುವುದನ್ನು ಹಳಿಯಾಳದಾಚೆಯ ತಳಿ ಕೇಂದ್ರಕ್ಕೆ ಒಯ್ಯತಕ್ಕದ್ದು.

ಕೋಶದ ಮುಖ್ಯಸ್ಥ ಡಾ. ರಘುಪತಿ ಹೆಗಡೆಯವರು ಬನವಾಸಿ ಕಡೆಯ ಕಲ್ಲವ್ವನ ಕೊಟ್ಟಿಗೆಗೆ ಹೋಗಿ, ಅವಳಿಗಿದ್ದ ಒಂದೇ ಎಮ್ಮೆಯ ಸಗಣಿಯನ್ನು ಡಬ್ಬಿಗೆ ತುಂಬಿಕೊಂಡರು. ಮದುವೆಮನೆಯ ಹಲಸಿನ ಕಡುಬಿನಿಂದಾಗಿ ಅವರ ಹೊಟ್ಟೆಯೂ ಕೆಟ್ಟಿತ್ತು. ವೈದ್ಯರು ಕೇಳಿದ್ದರೆಂದು ತಮ್ಮದೂ ಒಂದು ಡಬ್ಬಿಯನ್ನು ಅದೇ ಐಸ್ ಪೆಟ್ಟಿಗೆಯಲ್ಲಿಟ್ಟಿದ್ದರು. ಐಸ್ ಕರಗಿ ಚೀಟಿಗಳೆರಡೂ ಬಿಟ್ಟುಕೊಂಡವು. ಸಹಾಯಕಿ ತನುಜಾ ಅಂದಾಜಿನ ಮೇಲೆ ಪುನಃ ಅಂಟಿಸಿದಳು.

ಅತಿ ಕಡಿಮೆ ಅನಿಲ ಬಿಡುವುದರಲ್ಲಿ ಕಲ್ಲವ್ವನ ಎಮ್ಮೆ ಜಿಲ್ಲೆಗೇ ಪ್ರಥಮ ಬಂದಿತು. ರಘುಪತಿಯವರಿಗೆ ವೈದ್ಯರು, "ಒಣಹುಲ್ಲು ಸ್ವಲ್ಪ ಕಡಿಮೆ ಮಾಡಿ" ಎಂದರು.

ತಳಿ ಕೇಂದ್ರದ ಉಪನಿರ್ದೇಶಕ ಅಂದಾನಪ್ಪನವರು ಲಾರಿ ತಂದು ಎಮ್ಮೆಗೆ ಮಾಲೆ ಹಾಕಿದರು. ಕಲ್ಲವ್ವ ಅದರ ಕುತ್ತಿಗೆ ತಬ್ಬಿಕೊಂಡಳು.

"ಒಯ್ಯಬ್ಯಾಡ್ರಿ ಸಾಹೇಬ್ರ! ಇದರ ಹಾಲಿನ ಮ್ಯಾಲೇ ನನ್ನ ಸಂಸಾರ ನಡದೈತ್ರಿ."

ಅಷ್ಟರಲ್ಲಿ ಎಮ್ಮೆ ದೀರ್ಘವಾಗಿ ತೇಗಿತು. ಅಂದಾನಪ್ಪನವರ ಕೈಲಿದ್ದ ಅನಿಲ ಮಾಪಕದ ಮುಳ್ಳು ಕೊನೆ ಮುಟ್ಟಿ ಅಲ್ಲೇ ನಿಂತಿತು.

"ವರದಿ ತಪ್ಪಾಗೂದಿಲ್ಲ," ಎಂದರು ಅಂದಾನಪ್ಪನವರು. "ಎಮ್ಮೀನ ತಪ್ಪಿರಬೇಕು."

ಲಾರಿಯ ಜೊತೆಗೆ ಬಂದಿದ್ದ ರಘುಪತಿಯವರು ಕಲ್ಲವ್ವನ ಕಣ್ಣೀರು ನೋಡಲಾರದೆ ಬಾಯಿಬಿಟ್ಟರು. "ಸರ್, ಆ ಡಬ್ಬಿ ನನ್ನದು."

"ಆಫೀಸಿಂದಲ್ಲೇನು?"

"ಡಬ್ಬಿ ಆಫೀಸಿನದು ಸರ್. ಒಳಗಿದ್ದದ್ದು ನನ್ನದು."

ಅಂದಾನಪ್ಪನವರು ಯೋಚಿಸಿದರು. "ನಿಯಮದಾಗ ಎಮ್ಮಿ ಅಂತ ಎಲ್ಲೂ ಇಲ್ಲ. 'ಸದರಿ ಮಾದರಿಯ ಮೂಲವನ್ನು ಒಯ್ಯತಕ್ಕದ್ದು' ಅಂತೈತಿ. ಹತ್ರಿ ಲಾರಿ."

ಮಾಲೆಯನ್ನು ಎಮ್ಮೆ ಆಗಲೇ ಅರ್ಧ ತಿಂದಿತ್ತು. ಉಳಿದರ್ಧವನ್ನು ರಘುಪತಿಯವರಿಗೆ ಹಾಕಲಾಯಿತು. ಕಲ್ಲವ್ವ ಸಂತೋಷದಿಂದ ಅವರ ಬೆನ್ನು ಸವರಿ ಬೀಳ್ಕೊಟ್ಟಳು.

ಲಾರಿಯಿಂದಲೇ ಅವರು ಹೆಂಡತಿ ಗಂಗಾಗೆ ಫೋನ್ ಮಾಡಿದರು. "ಆನು ತಳಿ ಕೇಂದ್ರಕ್ಕೆ ಹೋಗ್ತೆ. ಎಮ್ಮೆ ಬದ್ಲಿಗೆ."

"ಅಲ್ಲಿ ಊಟಕ್ಕೆ ಎಂತ ಕೊಡ್ತ್ವಡ?"

"ಹಿಂಡಿ."

"ಹೊಟ್ಟೆಗೆ ಹಗುರ ಆತು ಬಿಡಿ," ಎಂದರು ಗಂಗಾ.

ಈಗ ರಘುಪತಿಯವರಿಗೆ ಕೇಂದ್ರದಲ್ಲಿ ಫ್ಯಾನಿರುವ ಪ್ರತ್ಯೇಕ ಕೊಟ್ಟಿಗೆಯಿದೆ. ಮೊದಮೊದಲು ಬೇಸರವಾಗುತ್ತಿತ್ತು; ಇತ್ತೀಚೆಗೆ ಕೋಶಕ್ಕಿಂತ ಇಲ್ಲಿ ಕೆಲಸದ ಒತ್ತಡ ಕಡಿಮೆಯೆನ್ನುತ್ತಾರೆ. ಯಾವಾಗ ಮನೆಗೆ ಕಳಿಸುತ್ತೀರೆಂದು ಗಂಗಾ ವಿಚಾರಿಸಿದಾಗ, ಎರಡನೇ ಕರು ಹಾಕಿದ ಕೂಡಲೇ ಕಳಿಸಲಾಗುವುದೆಂದು ಅಂದಾನಪ್ಪನವರು ವಿನಯದಿಂದ ತಿಳಿಸಿದರು. ಮಳೆಗಾಲದೊಳಗೆ ಆದರೆ ಅನುಕೂಲವೆಂದು ಗಂಗಾ ಕೋರಿದ್ದಾರೆ.

ಪ್ರಯತ್ನಿಸಲಾಗುತ್ತಿದೆ.